ಸೇವ್ ಒತ್ತಿದರೆ ಅಳಿಸಿಹೋಗುವ ಬದು

"ಒಂದು ಗಂಟೆ ಕೆಲಸ ಮೇಡಂ" ಎಂದು ಆಫೀಸಿನ ಯಜಮಾನರು ಹೇಳಿದಾಗಲೇ ನನಗೆ ಸುಸ್ತಾಯಿತು. ನಮ್ಮ ಆಫೀಸಿನಲ್ಲಿ ಒಂದು ಗಂಟೆಯದು ಎಂಬ ಹೆಸರು ಹೊತ್ತುಕೊಂಡು ಬರುವ ಕೆಲಸಗಳೆಲ್ಲ ಸೀದಾ ನನ್ನ ಮೇಜಿಗೆ ಬಂದು ಕೂರುತ್ತವೆ. ಕೂತ ಮೇಲೆ ವಾರಗಟ್ಟಲೆ ಏಳುವುದಿಲ್ಲ. ಯಜಮಾನರು ನನಗಿಂತ ಚಿಕ್ಕವರು, ಒಳ್ಳೆಯವರು, ಒಂದು ದಿನವೂ ದನಿ ಏರಿಸಿ ಮಾತಾಡಿದವರಲ್ಲ. ಅಂಥವರು ಹೇಳಿದ ಕೆಲಸಕ್ಕೆ ಆಗುವುದಿಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ, ಕಷ್ಟ ಇರುವುದೇ ಅಲ್ಲಿ.

ಆಫೀಸು ಎಂದರೆ ಮಾಚೇನಹಳ್ಳಿಯಲ್ಲಿ ಒಂದು ವರ್ಕ್‌ಶಾಪಿನ ಮಹಡಿ. ಕೆಳಗೆ ದಿನವಿಡೀ ಕಬ್ಬಿಣ ಉಜ್ಜುವ ಸದ್ದು, ಮೇಲೆ ನಮ್ಮ ಕಂಪ್ಯೂಟರುಗಳು. ಸುತ್ತಮುತ್ತಲಿನ ಫೌಂಡ್ರಿಗಳಿಗೆ ನಾವು ಪ್ರೋಗ್ರಾಂ ಬರೆದುಕೊಡುತ್ತೇವೆ. ಕುಲುಮೆಗೆ ಎಷ್ಟು ಗುಜರಿ ಕಬ್ಬಿಣ ಹಾಕಬೇಕು, ಬೇರೆ ಏನೇನು ಬೆರೆಸಬೇಕು, ಎರಕ ಹೊಯ್ದ ಮೇಲೆ ಎಷ್ಟು ತೂಕ ಬರಬೇಕು, ಇಂಥ ಲೆಕ್ಕಗಳು. ಕೋಡು ಬರೆಯುವವರು ಇಬ್ಬರೇ. ಶಿವಮೊಗ್ಗದಿಂದ ಬಸ್ಸಿನಲ್ಲಿ ನಿಂತುಕೊಂಡು ಬರುವ ನಾನು, ಭದ್ರಾವತಿಯಿಂದ ಬರುವ ನನ್ನ ಹಿರಿಯ ಸಹೋದ್ಯೋಗಿ. ನಾನು ಅವರನ್ನು ಸರ್ ಅನ್ನುತ್ತಿದ್ದೆ, ಅವರು ನನ್ನನ್ನು ಅಮ್ಮ ಅನ್ನುತ್ತಿದ್ದರು. ಮನೆಯಲ್ಲಿ ತಮಿಳು ಮಾತಾಡುವವರು ಅವರು, ಆದರೆ ಭದ್ರಾವತಿಯ ಕಾರ್ಖಾನೆ ಬೀದಿಗಳಲ್ಲಿ ಬೆಳೆದ ಕನ್ನಡ ಅವರದು, ನನ್ನದಕ್ಕಿಂತ ಚುರುಕು.

ಯಜಮಾನರು ಹೇಳಿದ ಕೆಲಸ ಇಷ್ಟೇ. ಹೊರಗಿನ ಒಂದು ದೊಡ್ಡ ಕಂಪನಿ ನಮ್ಮ ಪ್ರೋಗ್ರಾಂ ತೆಗೆದುಕೊಳ್ಳಲು ಒಪ್ಪಿತ್ತು. ಆದರೆ ಕೋಡೆಲ್ಲ ಒಂದೇ ಅಚ್ಚಿನಲ್ಲಿರಬೇಕು, ಇಲ್ಲದಿದ್ದರೆ ತನ್ನ ಯಂತ್ರ ಅದನ್ನು ಒಳಗೇ ಬಿಡುವುದಿಲ್ಲ ಎಂದಿತ್ತು. ಹಾಗಾಗಿ ನಾವು ಕೋಡು ಬರೆಯುವ ಎಡಿಟರನ್ನು ಹೇಗೆ ಹೊಂದಿಸಿಡಬೇಕೆಂದರೆ, ಬರೆದು ಸೇವ್ ಒತ್ತಿದ ಕೂಡಲೇ ಅದೇ ಎಲ್ಲವನ್ನೂ ನೇರ್ಪು ಮಾಡಿಬಿಡಬೇಕು. ಎಲ್ಲಿ ಸಾಲು ಮುರಿಯಬೇಕು, ಎಡಕ್ಕೆ ಎಷ್ಟು ಜಾಗ ಬಿಡಬೇಕು, ಎರಡು ಭಾಗಗಳ ನಡುವೆ ಎಷ್ಟು ಖಾಲಿ ಇರಬೇಕು, ಇದಿಷ್ಟೇ. ಲೆಕ್ಕ ಬದಲಾಗುವುದಿಲ್ಲ. ಓಡಿಸುವ ಯಂತ್ರಕ್ಕೆ ಈ ಜಾಗ ಗೀಗ ಏನೂ ಬೇಡ, ಓದುವ ಮನುಷ್ಯರಿಗೆ ಮಾತ್ರ ಬೇಕು.

ನೇರ್ಪು ಮಾಡಬೇಕಾದದ್ದು ಬಹುತೇಕ ಸರ್ ಬರೆದ ಕೋಡನ್ನೇ. ಅವರ ಬರವಣಿಗೆ ಕಂಡರೆ ನನಗೆ ಮೊದಲಿನಿಂದಲೂ ಅಲರ್ಜಿ. ಫೌಂಡ್ರಿಯವರು ಫೋನು ಮಾಡಿ ತಮ್ಮ ತಮ್ಮ ಪದ್ಧತಿ ಹೇಳುತ್ತಾರೆ, ಸರ್ ಕೇಳಿಸಿಕೊಳ್ಳುತ್ತಲೇ ಬರೆದುಕೊಂಡು ಹೋಗುತ್ತಾರೆ. ಒಂದೊಂದು ಫೌಂಡ್ರಿಯದೂ ಒಂದೊಂದು ತುಂಡು. ತುಂಡು ಮುಗಿದರೆ ಸಾಲು ಸಾಲು ಖಾಲಿ. ದೊಡ್ಡ ಫೌಂಡ್ರಿಯಾದರೆ ಅರ್ಧ ಪರದೆ ಬಯಲು, ಸಣ್ಣದಾದರೆ ಸ್ವಲ್ಪ ಕಡಿಮೆ. ಮಧ್ಯೆ ನಕ್ಷತ್ರ ಚಿಹ್ನೆಗಳ ಉದ್ದುದ್ದ ಗೆರೆ. ನನ್ನ ತವರು ಹೊಳಲೂರು, ಗದ್ದೆ ನೋಡಿ ಬೆಳೆದವಳು. ಇದೇನು ಸರ್, ಬದು ಹಾಕಿದ್ದೀರಲ್ಲ ಎಂದು ಒಮ್ಮೆ ರೇಗಿಸಿದ್ದೆ. ಅವರಿಗೆ ಆ ಮಾತು ಹಿಡಿಸಿತು. ಆಮೇಲೆ ಅವರೂ ಅದನ್ನು ಬದು ಎಂದೇ ಕರೆಯತೊಡಗಿದರು.

ಸೆಟ್ಟಿಂಗ್ ಮಾಡಲು ಕೂತೆ. ಅದು ಹೇಗೆ ಕಾಡಿತೆಂದರೆ, ನೆನೆಸಿಕೊಂಡರೆ ಈಗಲೂ ಕುತ್ತಿಗೆ ಹಿಡಿಯುತ್ತದೆ. ಎಡಿಟರಿನಲ್ಲಿ ನೇರ್ಪು ಮಾಡುವ ಒಂದು ಸಲಕರಣೆ ಮೊದಲೇ ಇತ್ತು, ಕಂಪನಿಯವರು ಹೇಳಿದ್ದು ಇನ್ನೊಂದು. ಎರಡೂ ಒಟ್ಟಿಗೆ ಎದ್ದು ಕೂತವು. ಸೇವ್ ಒತ್ತಿದರೆ ಒಂದು ಸಾಲನ್ನು ಮುರಿಯುವುದು, ಇನ್ನೊಂದು ಅದನ್ನು ಜೋಡಿಸುವುದು. ಅಕ್ಷರಗಳು ಕಣ್ಣೆದುರಿಗೇ ಕುಣಿದು ಮೊದಲಿದ್ದಲ್ಲಿಗೇ ಬಂದು ನಿಲ್ಲುವುವು. ಒಂದರ ಬಾಯಿ ಮುಚ್ಚಿಸಿದೆ. ಆಗ ಇನ್ನೊಂದು, ನಾನು ಬೇಕಾದ ಆವೃತ್ತಿಯಲ್ಲ, ಹಳೆಯದು ಎಂದಿತು. ಹೊಸದು ಹಾಕಿದರೆ ಎಡಿಟರೇ ಹಳೆಯದಾಯಿತು. ಎಡಿಟರ್ ಹೊಸದು ಮಾಡಿದರೆ ನನ್ನ ಕಂಪ್ಯೂಟರು ಏದುಸಿರು ಬಿಡತೊಡಗಿತು. ಸಾಕಪ್ಪಾ ಸಾಕು ಎನಿಸಿ ಮಧ್ಯಾಹ್ನದ ಡಬ್ಬಿ ತೆರೆದರೆ ಚಿತ್ರಾನ್ನ ತಣ್ಣಗೆ ಗಟ್ಟಿಯಾಗಿ ಕೂತಿತ್ತು. ಇದನ್ನೆಲ್ಲ ನೋಡುತ್ತಿದ್ದ ಸರ್, ಬಿಡಮ್ಮ, ಅದೇನು ಹಾಗೆ ಗುದ್ದಾಡ್ತೀಯ, ಇದ್ದ ಹಾಗೆ ಇರಲಿ ಎಂದರು. ಅವರು ಯಾಕೆ ಹಾಗೆಂದರು ಎಂದು ಆಗ ನಾನು ಯೋಚಿಸಲಿಲ್ಲ. ಅವರಿಗೇನು, ಹೇಳುವುದು ಸುಲಭ ಎಂದುಕೊಂಡೆ.

ಅಂತೂ ಒಂದು ಸಂಜೆ ಎಲ್ಲ ಹೊಂದಿತು. ಅಪ್ಪಣೆ ಕೊಟ್ಟೆ, ಹಳೆಯ ಕೋಡೆಲ್ಲ ಒಂದೇ ಏಟಿಗೆ ನೇರ್ಪಾಯಿತು. ನಕ್ಷತ್ರದ ಗೆರೆಗಳನ್ನು ಹುಡುಕಿ ಹುಡುಕಿ ನಾನೇ ಕಿತ್ತೆ. ಖಾಲಿ ಸಾಲುಗಳೆಲ್ಲ ಹೋಗಿ ತುಂಡಿಗೂ ತುಂಡಿಗೂ ನಡುವೆ ಒಂದೇ ಸಾಲು ಉಳಿಯಿತು. ಯಜಮಾನರು ಬಂದು ನೋಡಿ, ಪುಸ್ತಕ ಅಚ್ಚು ಹಾಕಿಸಿದ ಹಾಗಿದೆ ಮೇಡಂ ಎಂದರು. ಸುಳ್ಳೇಕೆ, ಎಷ್ಟೋ ದಿನದ ಮೇಲೆ ನನಗೂ ಖುಷಿಯಾಗಿತ್ತು. ಬಸ್ಸಿನಲ್ಲಿ ಸೀಟು ಕೂಡ ಸಿಕ್ಕಿತು.

ಮರುದಿನ ಬೆಳಿಗ್ಗೆ ಪಕ್ಕದ ಫೌಂಡ್ರಿಯಿಂದ ಫೋನು ಬಂತು. ಗುಜರಿ ಬೆರೆಸುವ ಲೆಕ್ಕದಲ್ಲಿ ಒಂದು ಅಂಕಿ ಬದಲಿಸಬೇಕು, ಕುಲುಮೆ ಹಚ್ಚುವ ಮೊದಲೇ ಆಗಬೇಕು ಎಂದರು. ಸರ್ ಇಂಥದ್ದನ್ನು ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಸುವವರು. ಅವತ್ತು ಆಗಲಿಲ್ಲ. ಪರದೆಯಲ್ಲಿ ಕೋಡನ್ನು ಮೇಲೆ ಒಯ್ದರು, ಕೆಳಗೆ ತಂದರು, ಮತ್ತೆ ಮೇಲೆ ಒಯ್ದರು. ಫೌಂಡ್ರಿಯವರು ಎರಡನೇ ಸಲ ಫೋನು ಮಾಡಿದರು. ಕೊನೆಗೆ ಸರ್ ತಗ್ಗಿದ ದನಿಯಲ್ಲಿ, ಅಮ್ಮ, ಈ ಫೌಂಡ್ರೀದು ಎಲ್ಲಿದೆ ಸ್ವಲ್ಪ ತೋರಿಸು ಎಂದರು. ಎದ್ದು ಹೋಗಿ ನೋಡಿದರೆ ಅದು ಅವರ ಪರದೆಯ ನಟ್ಟನಡುವೆ ಇತ್ತು.

ನನಗೆ ಪಿತ್ತ ನೆತ್ತಿಗೇರಿತು. ನಾನು ಕಷ್ಟಪಟ್ಟು ಮಾಡಿದ್ದು ಬೇಕಾಗಿಲ್ಲ ಎಂದು ಹೀಗೆ ಬೇಕೆಂದೇ ಸತಾಯಿಸುತ್ತಿದ್ದಾರೆ ಎಂದೇ ಅನಿಸಿತು. ಇಲ್ಲೇ ಇದೆಯಲ್ಲ ಸರ್, ಮುಖಕ್ಕೆ ರಾಚುವ ಹಾಗೆ ಎಂದು ಸಿಡುಕಿದೆ. ಅಂಕಿಯನ್ನು ನಾನೇ ಬದಲಿಸಿ ಬಂದು ಕೂತೆ. ಸ್ವಲ್ಪ ಹೊತ್ತಿನ ಮೇಲೆ ಸರ್, ಬಾಮ್ಮ ಟೀ ಕುಡಿಯೋಣ ಎಂದು ಕೆಳಗೆ ಕರೆದುಕೊಂಡು ಹೋದರು.

ಟೀ ಅಂಗಡಿ ರಸ್ತೆ ಪಕ್ಕ, ಬಸ್ಸು ನಿಲ್ಲುವಲ್ಲಿ. ಗ್ಲಾಸು ಹಿಡಿದುಕೊಂಡು ಅವರು ಎಲ್ಲ ಹೇಳಿದರು. ಕಣ್ಣಿನ ನಡುಭಾಗ ಹೋಗಿದೆ. ನೇರಕ್ಕೆ ನೋಡಿದ್ದು ಹೊಗೆ ತುಂಬಿದ ಹಾಗೆ, ಸುತ್ತಲಿನದು ಮಾತ್ರ ಆಕಾರವಾಗಿ ಕಾಣುತ್ತದೆ. ಹೋದದ್ದು ಮರಳಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ನೋಡೋಣ ಎಂದಿದ್ದರಂತೆ ಶಿವಮೊಗ್ಗದ ಡಾಕ್ಟರು. ಅಕ್ಷರ ದೊಡ್ಡದು ಮಾಡಿಕೊಂಡು ಒಂದೊಂದೇ ಪದ ಓದಬಲ್ಲರು. ಆದರೆ ಅಷ್ಟುದ್ದದ ಕೋಡಿನಲ್ಲಿ ಎಲ್ಲಿದ್ದೇನೆ ಎಂದು ಗೊತ್ತಾಗಬೇಕಲ್ಲ. ಅದಕ್ಕೆ ಬದು. ಅಗಲ ಬಿಳಿ ಕಂಡರೆ ಇಂಥ ಫೌಂಡ್ರಿ, ಅದಕ್ಕಿಂತ ಕಿರಿದಾದರೆ ಇಂಥದ್ದು, ನಕ್ಷತ್ರದ ಗೆರೆ ದಾಟಿದರೆ ಇನ್ನೊಂದು. ಬದು ಹಿಡಿದು ನಡೆದುಹೋಗಿ, ಬೇಕಾದ ಜಾಗದಲ್ಲಿ ನಿಂತು, ಅಕ್ಷರ ಹಿಗ್ಗಿಸಿ ಓದುತ್ತಿದ್ದರು. ನಾನು ಒಂದು ಸಂಜೆಯಲ್ಲಿ ಎಲ್ಲ ಬದು ಕಡಿದು ಸಪಾಟು ಮಾಡಿದ್ದೆ.

ಯಜಮಾನರಿಗೆ ಹೇಳಿಬಿಡಿ ಸರ್, ಅವರೇನು ಕೆಟ್ಟವರಲ್ಲ ಎಂದೆ.

"ಒಳ್ಳೆಯೋರು, ಅದಕ್ಕೇ ಮನೇಲಿ ಆರಾಮಾಗಿರಿ ಅಂತಾರೆ" ಎಂದರು ಸರ್. "ಮನೇಲಿ ಕೂತ್ರೆ ನಾನು ಕಣ್ಣು ಕಾಣದ ಮುದುಕ ಕಣಮ್ಮ. ಇಲ್ಲಿ ಬಂದ್ರೆ ಕೆಲಸದೋನು. ಹೇಳ್ಬೇಡ."

ಕನಿಕರ ಬಂತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಬಂದದ್ದು ಸಿಟ್ಟು. ನನ್ನ ತಲೆ ಮೇಲೆ ಇದನ್ನೇಕೆ ಹಾಕಿದಿರಿ ಎಂಬ ಸಿಟ್ಟು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ದಿನಾ ಎರಡು ಹೊತ್ತು ಬಸ್ಸಿನ ತಳ್ಳಾಟ, ಈ ದೊಡ್ಡ ಕಂಪನಿಯ ಕಾಟ, ಇದರ ಜೊತೆಗೆ ಈಗ ಇದೊಂದು ಗುಟ್ಟು. ಟೀ ಪೂರ್ತಿ ಕುಡಿಯದೆ ಗ್ಲಾಸು ಇಟ್ಟೆ. ಆದರೂ ಮೆಟ್ಟಿಲು ಹತ್ತುವಾಗಲೇ ಏನು ಮಾಡಬಹುದು ಎಂದು ತಲೆ ಓಡತೊಡಗಿತ್ತು, ಹಾಳಾದ ತಲೆ.

ಅವರು ಬರೆದದ್ದನ್ನು ಮಾತ್ರ ಮುಟ್ಟಬೇಡ ಎಂದು ಸಲಕರಣೆಗೆ ಹೇಳಬಹುದಿತ್ತು. ಹೇಳಿದರೆ ಕಂಪನಿಯ ಯಂತ್ರ ತಿರಸ್ಕರಿಸುವುದು, ಯಜಮಾನರು ಕಾರಣ ಕೇಳುವುದು. ಅದು ಆಗದ ಮಾತು. ಕೊನೆಗೆ ಒಂದು ದಾರಿ ಹೊಳೆಯಿತು. ಕೋಡಿನೊಳಗೆ ಓದುವವರಿಗಾಗಿ ಟಿಪ್ಪಣಿ ಬರೆಯಬಹುದು, ನೇರ್ಪು ಮಾಡುವ ಸಲಕರಣೆ ಅದನ್ನು ಅಳಿಸುವುದಿಲ್ಲ. ಹಳೆಯ ಪ್ರತಿ ಪಕ್ಕದಲ್ಲಿಟ್ಟುಕೊಂಡು, ಬದು ಇದ್ದಲ್ಲೆಲ್ಲ 'ಬದು' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಪಕ್ಕದಲ್ಲಿ ಅದರ ಅಗಲ ಬರೆದೆ. ಸರ್ ಕಂಪ್ಯೂಟರಿನಲ್ಲಿ ಮಾತ್ರ, ಕೋಡು ತೆರೆದ ತಕ್ಷಣ ಆ ಗುರುತು ಇರುವಲ್ಲಿ ಖಾಲಿ ಸಾಲುಗಳು ಅರಳಿಕೊಳ್ಳುವ ಹಾಗೆ ಮಾಡಿದೆ. ಅವರು ಸೇವ್ ಒತ್ತಿದರೆ ಖಾಲಿಯೆಲ್ಲ ಮಡಚಿಕೊಂಡು ಗುರುತು ಮಾತ್ರ ಉಳಿಯುವುದು. ಊರಿಗೆಲ್ಲ ಒಂದು ವೇಷ, ಅವರಿಗೊಂದು ವೇಷ. ಯಜಮಾನರು ಒಂದು ದಿನ ನೋಡಿ ಇದೇನು ಮೇಡಂ ಬದು ಬದು ಎಂದು ಕೇಳಿದರು. ವಿಭಾಗ ಸರ್, ವಿಂಗಡಣೆಗೆ ಎಂದೆ.

ಮೊದಲ ಸಲ ಬದುಗಳು ಮೂಡಿದಾಗ ಸರ್ ಪರದೆಗೆ ಕೈ ಇಟ್ಟು ಮೇಲಿಂದ ಕೆಳಗೆ ಸವರಿದರು. ಬಂತಲ್ಲಮ್ಮ, ಎಲ್ಲಾ ವಾಪಸ್ ಬಂತಲ್ಲ ಎಂದರು. ನನ್ನ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಉಳಿದರ್ಧ ಇಳಿಯಲು ಅವಕಾಶವೇ ಆಗಲಿಲ್ಲ. ಈ ಎಡಿಟರುಗಳು ಸುಮ್ಮನಿರುವ ಜಾತಿಯವಲ್ಲ, ಹೇಳದೆ ಕೇಳದೆ ತಮ್ಮನ್ನು ತಾವೇ ಹೊಸದು ಮಾಡಿಕೊಳ್ಳುತ್ತವೆ. ಹಾಗೆ ಮಾಡಿಕೊಂಡಾಗೆಲ್ಲ ನನ್ನ ಏರ್ಪಾಡು ಮುರಿದು ಬೀಳುತ್ತಿತ್ತು, ಬದು ಮಾಯ. ಆಗ ಸರ್ ತಮ್ಮ ಜಾಗದಿಂದಲೇ, ಏನಮ್ಮ, ಟೀ ಆಗ್ಲಿಲ್ವಾ ಎನ್ನುವರು. ಅದು ನಮ್ಮಿಬ್ಬರ ಸಂಕೇತ. ಯಜಮಾನರು ಹೊರಗೆ ಹೋಗುವುದನ್ನು ಕಾದು, ಸರ್ ಕುರ್ಚಿಯಲ್ಲಿ ಕೂತು ನಾನು ಸರಿಮಾಡುತ್ತಿದ್ದೆ. ಮಳೆಗಾಲ ಪೂರ್ತಿ ಇದೇ ಆಯಿತು. ನಾದಿನಿಯ ಮಗಳ ಮದುವೆಯಲ್ಲಿ ಊಟಕ್ಕೆ ಕೂತಿದ್ದೆ, ಎಲೆಗೆ ಪಾಯಸ ಬಿದ್ದಿತ್ತು, ಫೋನಿನಲ್ಲಿ ಸರ್ ದನಿ, ಟೀ ಆಯ್ತಾ ಅಮ್ಮ ಅಂತ. ಎಡಗೈಯಲ್ಲಿ ಫೋನು ಹಿಡಿದು ಛತ್ರದ ಮೂಲೆಗೆ ಹೋಗಿ, ಯಾವ ಗುಂಡಿ ಒತ್ತಬೇಕು ಎಂದು ಒಂದೊಂದಾಗಿ ಹೇಳಿಕೊಟ್ಟೆ. ಬರುವಷ್ಟರಲ್ಲಿ ಎಲೆ ತೆಗೆದಿದ್ದರು. ಟೀ ಎಂಬ ಶಬ್ದ ಕಿವಿಗೆ ಬಿದ್ದರೆ ರೇಗುವಂತಾಗಿತ್ತು ನನಗೆ. ಈ ಮನುಷ್ಯ ಒಮ್ಮೆ ಕೆಲಸ ಬಿಟ್ಟರೆ ಸಾಕಪ್ಪ ಎಂದು ಬಸ್ಸಿನಲ್ಲಿ ನಿಂತು ಎಷ್ಟೋ ಸಲ ಅಂದುಕೊಂಡಿದ್ದೇನೆ. ಇಳಿದು ಒಳಗೆ ಬಂದು ಅವರ ಮುಖ ನೋಡಿದರೆ ಹಾಗಂದುಕೊಂಡದ್ದಕ್ಕೆ ನನಗೇ ನಾಚಿಕೆಯಾಗುತ್ತಿತ್ತು.

ಗಣೇಶನ ಹಬ್ಬ ಕಳೆದ ಮೇಲೆ ಟೀ ಕರೆಗಳು ನಿಂತವು. ಒಂದು ವಾರ ಆಯಿತು, ಎರಡು ವಾರ ಆಯಿತು, ಟೀ ಇಲ್ಲ. ನನ್ನ ಏರ್ಪಾಡು ಕೊನೆಗೂ ಗಟ್ಟಿಯಾಗಿ ನಿಂತಿತು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಕೇಳಿದರೆ ಸರ್ ಕೂಡ, ಫಸ್ಟ್ ಕ್ಲಾಸಾಗಿದೆ ಕಣಮ್ಮ ಎನ್ನುವರು. ಒಂದೇ ವ್ಯತ್ಯಾಸವೆಂದರೆ ಅವರು ಬರೆಯುವುದು ಕಡಿಮೆಯಾಗಿತ್ತು. ಫೌಂಡ್ರಿಯವರು ಫೋನು ಮಾಡಿದರೆ ಕೇಳಿಸಿಕೊಂಡು, ಗುಜರಿ ಲೆಕ್ಕ ಆದ್ಮೇಲೆ ಹೀಗ್ಹೀಗೆ ಸೇರಿಸಿಬಿಡಮ್ಮ, ನಿನ್ ಕೈ ಚುರುಕು ಎಂದು ನನಗೇ ಹೇಳುತ್ತಿದ್ದರು. ನಾನು ಗೊಣಗಿಕೊಂಡೇ ಬರೆಯುತ್ತಿದ್ದೆ. ವಯಸ್ಸಾದವರಿಗೆ ಸೋಮಾರಿತನ ಬಂದಿದೆ ಎಂದುಕೊಂಡೆ. ದೀಪಾವಳಿಗೆ ಅವರ ಮನೆಯಿಂದ ಒಂದು ಡಬ್ಬಿ ಮುರುಕು ಬಂತು, ಅದನ್ನು ತಿಂದು ಗೊಣಗುವುದನ್ನು ಸ್ವಲ್ಪ ಕಡಿಮೆ ಮಾಡಿದೆ.

ದೀಪಾವಳಿ ಕಳೆದ ಮೇಲಿನ ವಾರವೇ ಇರಬೇಕು. ನನಗೆ ಒಂದು ಕಾಗದ ಪ್ರಿಂಟ್ ಮಾಡಬೇಕಿತ್ತು, ಪ್ರಿಂಟರ್ ಇದ್ದದ್ದು ಸರ್ ಮೇಜಿನ ಹಿಂದೆ. ಕಾಗದ ಬರಲಿ ಎಂದು ನಿಂತವಳು ಸುಮ್ಮನೆ ಅವರ ಪರದೆ ನೋಡಿದೆ. ಕೋಡು ತೆರೆದಿತ್ತು. ಮೇಲಿಂದ ಕೆಳಗಿನವರೆಗೂ ಒತ್ತೊತ್ತಾಗಿ ಅಕ್ಷರ, ಎಲ್ಲೂ ಬಯಲಿಲ್ಲ. ಮತ್ತೆ ಮುರಿದಿದೆ ಹಾಳಾದ್ದು ಎಂದು ಮೈಯೆಲ್ಲ ಉರಿಯಿತು. ಸರ್ ಕೋಡನ್ನು ನಿಧಾನವಾಗಿ ಮೇಲಕ್ಕೆ ಕೆಳಕ್ಕೆ ಓಡಿಸುತ್ತಿದ್ದರು, ಒಂದೊಂದು ಕಡೆ ನಿಲ್ಲಿಸಿ ತಲೆಯಾಡಿಸುತ್ತಿದ್ದರು.

ಬದು ಕಾಣ್ತಿದೆಯಾ ಸರ್ ಎಂದು ಕೇಳಿದೆ. ಯಾಕೆ ಹಾಗೆ ಕೇಳಿದೆನೋ.

"ಚೆನ್ನಾಗಿ ಕಾಣ್ತಿದೆ ಕಣಮ್ಮ. ಈಗ ಅಗಲದ್ದು ದಾಟಿದೆ ನೋಡು" ಎಂದರು.

ಪ್ರಿಂಟರಿನಿಂದ ಕಾಗದ ಬಂದು ನೆಲಕ್ಕೆ ಬಿತ್ತು, ಬಗ್ಗಿ ಎತ್ತಿಕೊಳ್ಳಲೂ ಆಗಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಅವರನ್ನು ಆಚೆ ಕಳಿಸಿ, ಸರಿಮಾಡಿ, ಏನೂ ಆಗಿಲ್ಲವೆಂಬಂತೆ ಇನ್ನೊಂದಿಷ್ಟು ತಿಂಗಳು ನೂಕಬಹುದಿತ್ತು. ಆದರೆ ಸಣ್ಣ ಅಂಕಿ ತಪ್ಪಿದರೂ ಕುಲುಮೆಯ ಮುಂದೆ ನಿಂತವರ ಪಾಡೇನು ಎಂಬ ಯೋಚನೆ ಬಂತು. ಅದಕ್ಕಿಂತ ಹೆಚ್ಚಾಗಿ, ಈ ಗುಟ್ಟು ಹೊರಲು ನನ್ನಲ್ಲಿ ಇನ್ನು ಶಕ್ತಿ ಉಳಿದಿರಲಿಲ್ಲ.

"ಸರ್, ಬದು ಇಲ್ಲ" ಎಂದೆ.

ಅವರ ಬೆರಳು ಗುಂಡಿಯ ಮೇಲೆ ನಿಂತಿತು. ಯಾವಾಗಿಂದ ಇಲ್ಲ ಎಂದು ಕೇಳಿದರು. ಅವರ ಪಕ್ಕ ಕೂತು ತೆಗೆದು ನೋಡಿದೆ. ಎಡಿಟರ್ ಕೊನೆಯ ಸಲ ತನ್ನನ್ನು ಹೊಸದು ಮಾಡಿಕೊಂಡದ್ದು ಗಣೇಶನ ಹಬ್ಬದ ಹಿಂದಿನ ದಿನ. ಅವತ್ತಿನಿಂದ ಈ ಪರದೆಯ ಮೇಲೆ ಒಂದು ಬದುವೂ ಮೂಡಿರಲಿಲ್ಲ. ಇವತ್ತು ಬೆಳಿಗ್ಗೆಯಿಂದ ಎಂದು ಸುಳ್ಳು ಹೇಳಲು ನಾಲಿಗೆಯ ತುದಿಗೆ ಬಂದಿತ್ತು. ನಿಜವನ್ನೇ ಹೇಳಿದೆ.

ಸರ್ ಎದ್ದರು. ಯಜಮಾನರ ಕೋಣೆಗೆ ನನ್ನನ್ನೂ ಕರೆದುಕೊಂಡು ಹೋಗಿ, ನೀನೇನೂ ಮಾತಾಡಬೇಡ ಎಂದು ಬಾಗಿಲಲ್ಲೇ ಹೇಳಿ, ಎಲ್ಲವನ್ನೂ ತಾವೇ ಹೇಳಿದರು. ನನ್ನ ಏರ್ಪಾಡಿನ ವಿಷಯ ಮಾತ್ರ ಎತ್ತಲಿಲ್ಲ. ಯಜಮಾನರು, ಕೋಡು ಬೇಡ ಸರ್, ನೀವು ದಿನಾ ಬಂದು ಕೂತ್ಕೊಳ್ಳಿ, ಫೌಂಡ್ರಿಯವರ ಫೋನು ನೋಡ್ಕೊಳ್ಳಿ ಸಾಕು ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

"ಸುಮ್ನೆ ಕೂರೋಕೆ ಮನೆ ಇದೆಯಲ್ಲ" ಎಂದರು ಸರ್.

ಸಂಜೆ ಇಬ್ಬರೂ ಒಟ್ಟಿಗೆ ಇಳಿದೆವು. ಮೆಟ್ಟಿಲಲ್ಲಿ ಅವರು ಮೊದಲ ಬಾರಿಗೆ ನನ್ನ ಮೊಣಕೈ ಹಿಡಿದುಕೊಂಡರು. ಅದೂ ಎಷ್ಟು ದಿನದಿಂದ ಬೇಕಾಗಿತ್ತೋ. ಟೀ ಅಂಗಡಿಯ ಮುಂದೆ ಭದ್ರಾವತಿ ಬಸ್ಸಿಗಾಗಿ ನಿಂತೆವು. ನನ್ನ ಬಸ್ಸು ರಸ್ತೆಯ ಆಚೆ ಬದಿಗೆ ಬರುತ್ತದೆ, ಒಂದು ಬಂದು ಹೋಯಿತು, ನಾನು ಕದಲಲಿಲ್ಲ. ಆಗ ಸರ್ ಹೇಳಿದರು.

"ಗಣೇಶನ ಹಬ್ಬಕ್ಕೆ ಮುಂಚೆಯಿಂದಾನೇ ಇರ್ಲಿಲ್ಲ ಅಂದ್ಯಲ್ಲಮ್ಮ. ನಿನಗೆ ಬೇಜಾರಾಗತ್ತೆ ಅಂತ ನಾನು ಸುಳ್ಳು ಹೇಳಿದ್ದಲ್ಲ. ನಂಗೆ ಬದು ಕಾಣ್ತಿತ್ತು ಕಣಮ್ಮ. ದಿನಾ ಕಾಣ್ತಿತ್ತು."

ಬಸ್ಸು ಬಂತು. ಭದ್ರಾವತಿದೇ ಸರ್ ಎಂದೆ. ಅವರು ಕಂಬಿ ಹಿಡಿದು ಹತ್ತಿದರು.